ಜೆಟ್ಟಿನ ಮೇಲಿನ ಅಂಕಿ

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ಫ್ರಾನ್ಸಿನ ಡಿ ಡಿಯೋನ್ ಬೂಟೊನ್ ಕಂಪನಿಯ ಒಂದು ಕಾರಿದೆ. ಊರಿನ ಮೊದಲ ಕಾರು ಎಂದು ಅದಕ್ಕೆ ಹೆಸರು. ನಿಂತ ಕಾರಿಗೆ ಪೆಟ್ರೋಲಿನ ಚಿಂತೆಯಿಲ್ಲ. ಹಳೆಯ ಕಾರನ್ನು ರಸ್ತೆಗಿಳಿಸಬೇಕು ಎನ್ನುವವರ ತಲೆನೋವೇ ಬೇರೆ. ಏನನ್ನು ಉಳಿಸಿಕೊಂಡರೆ ಅದು ಅದೇ ಕಾರು? ಕರಾವಳಿಯ ಮೋಟಾರು ಸಾರಿಗೆಯ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆ ಎದುರಾದದ್ದು ಪತ್ರಾಗಾರದಲ್ಲಲ್ಲ, ಗ್ಯಾರೇಜಿನಲ್ಲಿ, ಎಂಜಿನ್ ಬಿಚ್ಚಿ ಕಟ್ಟಿದ ಒಂದು ಪ್ರೀಮಿಯರ್ ಪದ್ಮಿನಿಯ ಮುಂದೆ.

ಕಾರ್ಬುರೇಟರ್ ಮಾಡುವ ಕೆಲಸ ಸರಳ. ಎಂಜಿನ್ ಗಾಳಿ ಎಳೆಯುತ್ತದೆ. ಕಿರಿದಾದ ಕೊರಳಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಸಿಯುತ್ತದೆ. ಆಗ ಪಕ್ಕದ ಬಟ್ಟಲಿನ ಪೆಟ್ರೋಲ್ ಹಿತ್ತಾಳೆಯ ಜೆಟ್ಟಿನ ಸಣ್ಣ ತೂತಿನಿಂದ ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ಎಷ್ಟು ಪೆಟ್ರೋಲ್ ಹೋಗಬೇಕು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಆ ತೂತಿನ ಅಳತೆ. ಅದನ್ನು ಜೆಟ್ಟಿನ ಮೇಲೆಯೇ ಕೊರೆದಿರುತ್ತಾರೆ.

ಕೈಗೆ ಸಿಕ್ಕಿದ್ದರಲ್ಲಿ ಬಂಡಿ ಓಡಿಸುವುದು ಇಲ್ಲಿಗೆ ಹೊಸತಲ್ಲ. ವಿ. ಎಸ್. ಕುಡ್ವರು 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಕಟ್ಟಿದ ಮೇಲೆ ಈ ಜಿಲ್ಲೆಗೆ ಬಸ್ಸು ಬೇರೂರಿತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದಕ್ಷಿಣ ಭಾರತದ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಆಮೇಲೆ ಬಂದದ್ದು ಆಮದಿನ ಬಿಗಿ ಲೈಸೆನ್ಸುಗಳ ಕಾಲ. ಪ್ಯಾರಿಸ್ಸಿನಲ್ಲಿ ಹುಟ್ಟಿದ ಸೊಲೆಕ್ಸ್ ಕಾರ್ಬುರೇಟರನ್ನು ಮದ್ರಾಸಿನ ಕಾರ್ಬುರೇಟರ್ಸ್ ಲಿಮಿಟೆಡ್ ಇಲ್ಲೇ ತಯಾರಿಸಿತು. ಅಂಬಾಸಿಡರಿಗೂ ಫಿಯೆಟ್ಟಿಗೂ ಅದೇ. 1983ರಲ್ಲಿ ಮಾರುತಿ 800 ಬಂತು. ಅದೇ ದಶಕದಲ್ಲಿ ಕಾರ್ಬುರೇಟರ್ಸ್ ಲಿಮಿಟೆಡ್ ಮತ್ತು ಜಪಾನಿನ ಮಿಕುನಿ ಸೇರಿ ಯುಕಾಲ್ ಕಂಪನಿಯನ್ನು ಹುಟ್ಟುಹಾಕಿದವು. ಪದ್ಮಿನಿಗೆ ಮಾರುತಿಯ ಕಾರ್ಬುರೇಟರ್ ಕೂರಿಸುವುದನ್ನು ಕೆಲವರು ಕಲಬೆರಕೆ ಎನ್ನುತ್ತಾರೆ. ವಂಶಾವಳಿ ನೋಡಿದರೆ ಅವೆರಡೂ ನೆಂಟರೇ.

ಹಾಗಾದರೆ ಆಯ್ಕೆ ಹೇಗೆ? ಪದ್ಮಿನಿಯ ಸಿಲಿಂಡರ್ 68 ಮಿ.ಮೀ. ಅಗಲ, ಪಿಸ್ಟನ್ನಿನ ಓಟ 75 ಮಿ.ಮೀ. ಅಂಥ ನಾಲ್ಕು ಸೇರಿ 1089 ಸಿ.ಸಿ. ಒಂದು ಮಿ.ಮೀ. ರೀಬೋರ್ ಮಾಡಿದರೂ ಅದು ಸುಮಾರು 1122 ಆಗುತ್ತದೆ, ಅಂದರೆ ಶೇಕಡಾ 3ರಷ್ಟು ಹೆಚ್ಚಳ. ಅಷ್ಟಕ್ಕೆ ದೊಡ್ಡ ಕಾರ್ಬುರೇಟರ್ ಬೇಕಿಲ್ಲ. 796 ಸಿ.ಸಿ.ಯ ಎಂಜಿನ್ನಿಗೆಂದು ಮಾಡಿದ ಮಾರುತಿ 800ರದನ್ನು ಹಾಕಿದರೆ ಕೊರಳು ಚಿಕ್ಕದಾಗಿ ವೇಗದಲ್ಲಿ ಉಸಿರು ಕಟ್ಟಬಹುದು. ಹಳೆಯ ಸೊಲೆಕ್ಸಿನಲ್ಲಿ ಥ್ರಾಟಲ್ ಕಡ್ಡಿ ಸವೆದು ಸಡಿಲವಾಗಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ, ಸ್ಕ್ರೂ ಎಷ್ಟು ತಿರುಗಿಸಿದರೂ ಸ್ಲೋ ನಿಲ್ಲುವುದಿಲ್ಲ.

"ಕಾರ್ಬುರೇಟರಿಗೆ ಕೈ ಹಾಕುವುದು ಕೊನೆಗೆ ಮಾರಾಯ್ರೆ," ಎಂದರು ನಾನು ಮಾತಾಡಿಸಿದ ಮೇಸ್ತ್ರಿ. ಮೊದಲು ಟ್ಯಾಪೆಟ್, ಪಾಯಿಂಟ್, ಟೈಮಿಂಗ್. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಲೋ ಸ್ಕ್ರೂ, ನಂತರ ಮಿಕ್ಸ್ಚರ್ ಸ್ಕ್ರೂ, ಒಂದಾದ ಮೇಲೊಂದು, ಕಾಲು ಕಾಲು ಸುತ್ತು. ಒಂದಷ್ಟು ದೂರ ಓಡಿಸಿ ಪ್ಲಗ್ ಬಿಚ್ಚಿ ನೋಡಬೇಕು. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬಿಳಿಚಿಕೊಂಡಿದ್ದರೆ ಕಡಿಮೆ. ಹುರಿದ ಗೇರುಬೀಜದ ಬಣ್ಣ ಬಂದರೆ ಸರಿ.

ಈಗ ಚರಿತ್ರೆಯ ತೊಡಕು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಎಂಜಿನ್ ಅಥವಾ ಚಾಸಿಸ್ಸಿನಲ್ಲಿ ಭಾರೀ ಮಾರ್ಪಾಡು ಆಗಿರಬಾರದು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಅಂದರೆ ಆ ಕಾರುಗಳು ಒಂದೊಂದಾಗಿ ಈ ಗೆರೆ ದಾಟುತ್ತಿರುವುದು ಈಗ. ಇದೇ ಹೊತ್ತಿಗೆ ಬಂಕುಗಳಿಗೆ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು, ಎಥೆನಾಲಿಗೆ 9 ಗ್ರಾಂ ಸಾಕು. ಆದ್ದರಿಂದ ಹಳೆಯ ಜೆಟ್ಟನ್ನೇ ಇಟ್ಟರೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ತಡವರಿಸುತ್ತದೆ. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ನಮ್ಮ ಕಡಲ ಗಾಳಿಯಲ್ಲಿ, ತಿಂಗಳುಗಟ್ಟಲೆ ನಿಂತ ಕಾರಿನ ಬಟ್ಟಲಿಗೆ ಇದು ಒಳ್ಳೆಯದಲ್ಲ. ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಬೇಕು.

ಅಂಕಿಯನ್ನು ಉಳಿಸಿದರೆ ಓಟ ಕೆಡುತ್ತದೆ, ಓಟವನ್ನು ಉಳಿಸಬೇಕಾದರೆ ಅಂಕಿ ಬದಲಾಗಬೇಕು. ಕಾರು ಇರುವುದು ಓಡುವುದಕ್ಕೆ. ಹಾಗಾಗಿ ನನ್ನ ಮತ ಎರಡನೆಯದಕ್ಕೆ: ಸಾಧ್ಯವಾದರೆ ಸೊಲೆಕ್ಸನ್ನೇ ದುರಸ್ತಿ ಮಾಡಿಸಿ, ಒಂದೆರಡು ಅಂಕಿ ದೊಡ್ಡ ಜೆಟ್ ಹಾಕಿ ಪ್ಲಗ್ ನೋಡಿ. ತೆಗೆದ ಜೆಟ್ಟನ್ನು ಎಸೆಯಬೇಡಿ. ಅದರ ಅಂಕಿ, ಹೊಸದರ ಅಂಕಿ, ದಿನಾಂಕ, ಮೇಸ್ತ್ರಿಯ ಹೆಸರು ಒಂದು ಚೀಟಿಯಲ್ಲಿ ಬರೆದು ಕಾರಿನ ಕಾಗದಪತ್ರಗಳ ಜೊತೆಗಿಡಿ. ಕಿವಿ ಮತ್ತು ಬೆರಳಿನಿಂದ ಎಂಜಿನ್ ಓದಬಲ್ಲ ತಲೆಮಾರಿಗೆ ವಯಸ್ಸಾಗಿದೆ. ಅವರ ವಿದ್ಯೆಯ ಬಗ್ಗೆ ನಾಳೆ ಯಾರಾದರೂ ಬರೆಯಹೊರಟರೆ ಅಂಥ ಚೀಟಿಗಳೇ ಅವರಿಗೆ ಆಕರ.