ಸ್ನಾಯುಸಂಕೋಚನದಲ್ಲಿ ಕ್ಯಾಲ್ಸಿಯಂ: ಒಂದು ಶೋಧನೆಯ ಚರಿತ್ರೆ

ವಿಜ್ಞಾನದ ಚರಿತ್ರೆಯಲ್ಲಿ ಒಂದು ಸಂಗತಿಯು ಕಣ್ಣಿಗೆ ಬೀಳುವುದಕ್ಕೂ ಅದು ವಿದ್ವಾಂಸರಿಗೆ ಒಪ್ಪಿತವಾಗುವುದಕ್ಕೂ ನಡುವೆ ಹಲವು ವರ್ಷಗಳು ಕಳೆಯುವುದುಂಟು. ಈ ವಿಳಂಬವನ್ನು ಕೇವಲ ಹಟವೆಂದು ತಳ್ಳಿಹಾಕಲಾಗದು ಎಂಬುದಕ್ಕೆ ಅಸ್ಥಿಸ್ನಾಯುವಿನ ಸಂಕೋಚನದಲ್ಲಿ ಕ್ಯಾಲ್ಸಿಯಮಿನ ಪಾತ್ರವು ತಿಳಿದುಬಂದ ಬಗೆಯು ಉತ್ತಮ ನಿದರ್ಶನವಾಗಿದೆ.

ಕಪ್ಪೆಯ ಹೃದಯವು ಮಿಡಿಯುತ್ತಿರಲು ಕ್ಯಾಲ್ಸಿಯಂ ಬೇಕೆಂಬುದನ್ನು ಲಂಡನ್ನಿನ ಸಿಡ್ನಿ ರಿಂಗರ್ 1883ರಲ್ಲಿಯೇ ತೋರಿಸಿದ್ದರು. ನಲ್ಲಿಯ ನೀರಿನಿಂದ ಮಾಡಿದ ಉಪ್ಪಿನ ದ್ರಾವಣದಲ್ಲಿ ಮಿಡಿಯುತ್ತಿದ್ದ ಹೃದಯವು ಭಟ್ಟಿಯಿಳಿಸಿದ ನೀರಿನ ದ್ರಾವಣದಲ್ಲಿ ಬೇಗನೆ ನಿಂತುಹೋಗುತ್ತಿದ್ದಿತು. ಅಸ್ಥಿಸ್ನಾಯುವಿನ ವಿಷಯದಲ್ಲಿ ನೇರವಾದ ಪ್ರಮಾಣವು ದೊರೆತುದು ಬಹುಕಾಲದ ಮೇಲೆ. ಜಪಾನಿನ ಕಮಾಡ ಮತ್ತು ಕಿನೋಷಿತ 1943ರಲ್ಲಿಯೂ, ಅಮೆರಿಕದ ಹೈಲ್‌ಬ್ರನ್ ಮತ್ತು ವೀರ್ಸಿನ್‌ಸ್ಕಿ 1947ರಲ್ಲಿಯೂ ಸ್ನಾಯುತಂತುವಿನೊಳಕ್ಕೆ ಕ್ಯಾಲ್ಸಿಯಂ ಹೊಗಿಸಿ, ಅದು ಕುಗ್ಗುವುದನ್ನು ಕಂಡರು.

ಆದರೂ ಬಹುಮಂದಿ ಇದನ್ನು ಒಪ್ಪಲಿಲ್ಲ. ತಂತುವಿನ ಹೊರಮೈಯಿಂದ ಒಂದು ವಸ್ತುವು ಹರಡಿಕೊಂಡು ನಡುವಣ ಭಾಗವನ್ನು ಮುಟ್ಟಲು ತಗಲುವ ಕಾಲವನ್ನು ಎ. ವಿ. ಹಿಲ್ 1940ರ ದಶಕದ ಕೊನೆಯಲ್ಲಿ ಲೆಕ್ಕಹಾಕಿದರು. ಸಂಕೋಚನವು ಅದಕ್ಕಿಂತ ಎಷ್ಟೋ ಶೀಘ್ರವಾಗಿ ನಡೆಯುತ್ತದೆ. ಹಿಲ್ಲರ ಲೆಕ್ಕವು ಸರಿಯಾಗಿಯೇ ಇದ್ದಿತು. ಆದರೆ ಕ್ಯಾಲ್ಸಿಯಂ ಹೊರಗಿನಿಂದಲೇ ಬರಬೇಕೆಂಬ ಊಹೆಗೆ ಆಧಾರವಿರಲಿಲ್ಲ.

ಈ ತೊಡಕನ್ನು ಬಿಡಿಸಿದುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಪ್ರತಿಯೊಂದು ತಂತುವಿನೊಳಗೂ ಜಾಲದಂತೆ ಹಬ್ಬಿದ ಚೀಲಗಳಿರುವುದನ್ನು ಪೋರ್ಟರ್ ಮತ್ತು ಪಲಾಡೆ 1957ರಲ್ಲಿ ವಿವರಿಸಿದರು. ಈ ಚೀಲಗಳು ಕ್ಯಾಲ್ಸಿಯಮನ್ನು ಸೆಳೆದು ಕೂಡಿಟ್ಟುಕೊಳ್ಳುವುದನ್ನು ಎಬಾಶಿಯವರೂ, ಜರ್ಮನಿಯ ಹಾಸೆಲ್‌ಬಾಖ್ ಮತ್ತು ಮಾಕಿನೋಸೆಯವರೂ 1960ರ ಆಸುಪಾಸಿನಲ್ಲಿ ಸ್ಥಾಪಿಸಿದರು. ಉಗ್ರಾಣವು ಒಳಗೇ ಇದ್ದಮೇಲೆ ದೂರದ ಆಕ್ಷೇಪಣೆಯು ತಾನಾಗಿ ಬಿದ್ದುಹೋಯಿತು.

ಉಗ್ರಾಣದ ಬಾಗಿಲನ್ನು ತೆರೆಯುವವರಾರು ಎಂಬ ಪ್ರಶ್ನೆಯು ಉಳಿದಿತ್ತು. ಹೊರಪೊರೆಯು ಒಳಕ್ಕೆ ಚಾಚಿದ ನಾಳಗಳಲ್ಲಿ ವಿದ್ಯುತ್ತಿನ ಬದಲಾವಣೆಯನ್ನು ಗ್ರಹಿಸುವ ಏನೋ ಒಂದು ಚಲಿಸುವುದೆಂಬ ಸೂಚನೆಯನ್ನು ಷ್ನೈಡರ್ ಮತ್ತು ಚಾಂಡ್ಲರ್ 1973ರಲ್ಲಿ ಅಳೆದು ಕಂಡರು. ಬಾಗಿಲಾದ ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿಯುವ ರಯನೋಡಿನ್ ಎಂಬ ಸಸ್ಯವಿಷದ ನೆರವಿನಿಂದ 1987ರಲ್ಲಿ ಬೇರ್ಪಟ್ಟಿತು. 5,037 ಅಮೈನೊ ಆಮ್ಲಗಳ ಅದರ ಸರಣಿಯು 1989ರಲ್ಲಿ ತಿಳಿದುಬಂದಿತು. ಇಂಥ ನಾಲ್ಕು ಘಟಕಗಳು ಸೇರಿ ಒಂದು ಬಾಗಿಲು. ನಾಳದ ಪ್ರೋಟೀನು ವಿದ್ಯುತ್ ಬದಲಾವಣೆಯಿಂದ ರೂಪ ಬದಲಿಸಿ ಈ ಬಾಗಿಲನ್ನು ತೆರೆಯಿಸುತ್ತದೆ. ಹೊರಬಂದ ಕ್ಯಾಲ್ಸಿಯಂ ಟ್ರೊಪೋನಿನ್ನಿಗೆ ಅಂಟಿಕೊಂಡು ಸಂಕೋಚನಕ್ಕೆ ದಾರಿ ಬಿಡುತ್ತದೆ. ಅನಂತರ ಪಂಪಿನಂತಿರುವ ಮತ್ತೊಂದು ಪ್ರೋಟೀನು ಅದನ್ನು ಒಳಕ್ಕೆ ಹಿಂದಿರುಗಿಸುತ್ತದೆ.

ಈ ಅರಿವು ಪ್ರಾಣಕ್ಕೆ ಸಂಬಂಧಿಸಿದುದು. ಮೆಲ್ಬರ್ನಿನಲ್ಲಿ ಕಾಲು ಮುರಿದುಕೊಂಡ 21 ವರ್ಷದ ವಿದ್ಯಾರ್ಥಿಯೊಬ್ಬನು ಗಾಯಕ್ಕಿಂತ ಅರಿವಳಿಕೆಗೆ ಹೆಚ್ಚಾಗಿ ಅಂಜಿದನು. ಆತನ ಹತ್ತು ಮಂದಿ ಬಂಧುಗಳು ಅರಿವಳಿಕೆಯಿಂದಲೇ ಸತ್ತಿದ್ದರು. ಆತನು ಬದುಕಿಕೊಂಡನು. ಡೆನ್‌ಬರೋ ಮತ್ತು ಲೊವೆಲ್ 1960ರಲ್ಲಿ ಇದನ್ನು ಪ್ರಕಟಿಸಿದರು. ಕೆಲವು ಅರಿವಳಿಕೆಗಳಿಂದ ಮೈ ಬಿಗಿದು ವಿಪರೀತ ಕಾಯುವ ಈ ವಂಶಗತ ದೋಷವು ಬಹುಪಾಲು ಆ ಬಾಗಿಲಿನ ಪ್ರೋಟೀನಿನದೇ ಎಂಬುದು 1990ರ ಸುಮಾರಿಗೆ ತಿಳಿಯಿತು. ಇಷ್ಟರೊಳಗೆ, 1975ರಲ್ಲಿಯೇ, ಕ್ಯಾಲ್ಸಿಯಮಿನ ಬಿಡುಗಡೆಯನ್ನು ತಡೆಯುವ ಡ್ಯಾಂಟ್ರೊಲೀನ್ ಔಷಧವು ಇಂಥ ದೋಷವಿದ್ದ ಹಂದಿಗಳನ್ನು ಉಳಿಸುವುದೆಂದು ಹ್ಯಾರಿಸನ್ ತೋರಿಸಿದ್ದರು.

ಪಠ್ಯಪುಸ್ತಕಗಳು ಈ ಫಲಗಳನ್ನು ಸಾಲಾಗಿ ಜೋಡಿಸಿ, ಆಕ್ಷೇಪಣೆಗಳನ್ನು ಬಿಟ್ಟುಬಿಡುತ್ತವೆ. ಆದರೆ ಉಗ್ರಾಣವು ಒಳಗಿರಬೇಕೆಂದು ಯೋಚಿಸುವಂತೆ ಮಾಡಿದುದು ಹಿಲ್ಲರ ಆಕ್ಷೇಪಣೆಯೇ. ಸರಿಯಾದ ಆಕ್ಷೇಪಣೆಯೂ ಶೋಧನೆಯ ಒಂದು ಅಂಗವೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.