ತೊರೆಯ ನೆರಳು, ಕಾಡಿನ ಕಾಯಿದೆ

ಬೊರ್ರಾ ಗುಹೆಗಳ ಬಳಿ ಹರಿಯುವ ಗೋಸ್ತನಿಯನ್ನು ವಿಶಾಖಪಟ್ಟಣದ ಕನ್ನಡಿಗರಾದ ನಾವು ಬಲ್ಲೆವು. ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿ ಭೀಮುನಿಪಟ್ಟಣದ ಬಳಿ ಕಡಲು ಸೇರುವ ಆ ನದಿ ಅಲ್ಲಿನ್ನೂ ತೊರೆಯಷ್ಟೆ. ಅದರ ದಡದ ಕಾಡನ್ನು ಆಳಿದ ಕಾಯಿದೆಯ ಚರಿತ್ರೆಗೆ ಶಿವಮೊಗ್ಗೆಯಲ್ಲೊಂದು ಬೇರಿದೆ.

1840ರ ದಶಕದಲ್ಲಿ ಅಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಮಲೆನಾಡಿನ ಕುಮರಿ ಬೇಸಾಯವನ್ನು ಕಣ್ಣಾರೆ ಕಂಡವನು. ಉಷ್ಣವಲಯದ ಕಾಡುಗಳ ನಾಶ ಕುರಿತು 1851ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿಗೆ ವರದಿಯಿತ್ತ ಸಮಿತಿಯಲ್ಲಿ ಅವನಿದ್ದ. 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಕನಾದ. ವಿಶಾಖಪಟ್ಟಣವೂ ಬೆಜವಾಡವೂ ಆಗ ಅದೇ ಪ್ರಾಂತದವು. ಕಾಡು ಕಡಿದರೆ ಮಳೆ ಕುಗ್ಗೀತೆ, ಒರತೆ ಬತ್ತೀತೆ ಎಂಬುದು ಆ ಕಾಲದ ಚರ್ಚೆ. ರೈಲುಹಳಿಗೆ ಬೇಕಾದ ದಿಮ್ಮಿಗಳ ಚಿಂತೆ ಅದರ ಬೆನ್ನಿಗೇ ಇತ್ತು. 1882ರ ಮದ್ರಾಸ್ ಅರಣ್ಯ ಕಾಯಿದೆಯ ನಂತರ, ನಮ್ಮ ಕುಮರಿಯ ಸೋದರನೆನ್ನಬಹುದಾದ ಪೋಡು ಬೇಸಾಯಕ್ಕೆ ನಿರ್ಬಂಧ ಬಿಗಿಯಾಯಿತು. 1922ರಲ್ಲಿ ಅಲ್ಲೂರಿ ಸೀತಾರಾಮರಾಜು ಗೂಡೆಂ ಬೆಟ್ಟಗಳಲ್ಲಿ ಎಬ್ಬಿಸಿದ ಬಂಡಾಯದ ಹಿಂದೆ ಆ ನೋವೂ ಇತ್ತು.

ಈ ವಾದಗಳೆಲ್ಲ ನೀರಿನ ಪ್ರಮಾಣದ ಸುತ್ತಲೇ ತಿರುಗಿದವು. ವಿಜಯವಾಡದ ನಮ್ಮವರಿಗೂ ಮೈಲವರಂ ಕಡೆಯ ಬೆಟ್ಟಗಳಿಂದ ಬರುವ ಬುಡಮೇರು ನೆನಪಾಗುವುದು 2024ರ ಪ್ರವಾಹದಿಂದಲೇ. ತೊರೆಯ ನೀರಿನ ಬಿಸುಪನ್ನು ಅಳೆದು ತೋರಿಸಿದ ಹೆಸರಾಂತ ಅಧ್ಯಯನ ಅಮೆರಿಕದ ಆರೆಗಾನ್ ಕರಾವಳಿಯದು. ಬ್ರೌನ್ ಮತ್ತು ಕ್ರೈಗಿಯರ್ 1970ರಲ್ಲಿ ಪ್ರಕಟಿಸಿದಂತೆ, ಪೂರ್ತಿ ಬೋಳಾದ ಕಣಿವೆಯೊಂದರ ತೊರೆಯಲ್ಲಿ ವರ್ಷದ ಗರಿಷ್ಠ ಉಷ್ಣತೆ ಸುಮಾರು 14ರಿಂದ 29 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ನೆರೆಯ ಕಣಿವೆಯಲ್ಲೂ ಮರ ಕಡಿದಿದ್ದರು. ಆದರೆ ದಡದುದ್ದಕ್ಕೂ ಪೊದೆ, ಮರಗಳ ಪಟ್ಟಿಯನ್ನು ಉಳಿಸಿದ್ದರು. ಅಲ್ಲಿ ಕಡಿತದಿಂದಾಯಿತೆನ್ನಬಹುದಾದ ಏರಿಕೆ ಕಾಣಲಿಲ್ಲ.

ಕಾರಣ ಸರಳ. ತೊರೆಯ ನೀರು ತೆಳು. ನೇರ ಬಿಸಿಲು ಬಿದ್ದರೆ ಬೇಗ ಕಾಯುತ್ತದೆ. 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟರೆ, 30ರಲ್ಲಿ ಏಳೂವರೆ ಮಾತ್ರ. ಮೊದಲೇ ಬೆಚ್ಚಗಿರುವ ನಮ್ಮ ತೊರೆಗಳ ಮೀನಿಗೆ ಉಳಿದಿರುವ ಅಂತರ ಕಿರಿದು.

ಪೋಡು ಮಾಡುವವರನ್ನು ಬೆಟ್ಟದಿಂದ ಇಳಿಸಬೇಕೆಂಬ ಹಳೆಯ ವಾದ ನಮಗೆ ಅದಕ್ಕಾಗಿಯೇ ಒಪ್ಪಿಗೆಯಾಗುವುದಿಲ್ಲ. ಕೊಡಲಿ ದಡದಿಂದ ಎಷ್ಟು ದೂರ ನಿಂತಿತು ಎಂಬುದನ್ನು ಮೊದಲು ಕೇಳಬೇಕು. ಇಲಾಖೆಯ ಕೊಡಲಿಗೂ ಅದೇ ಪ್ರಶ್ನೆ. ದಡದ ಮರವನ್ನು ಬೆಟ್ಟದ ಮರದಿಂದ ಬೇರೆಯಾಗಿ ಗುರುತಿಸುವುದು ಭಾಷೆಗೆ ಹೊಸತೇನಲ್ಲ. ತೆಲುಗಿನವರು ತೆಲ್ಲಮದ್ದಿ ಎನ್ನುವ ಮರಕ್ಕೆ ಕನ್ನಡದ ಹೆಸರೇ ತೊರೆಮತ್ತಿ.