ಗಾಜಿನ ತೊಟ್ಟಿಯ ನೀರು

ಬಣ್ಣದ ಮೀನು ಕೊಳ್ಳಲು ಹೋದ ಗೃಹಸ್ಥನು ಅಂಗಡಿಯಿಂದ ಹೊರಬರುವ ಹೊತ್ತಿಗೆ ಮೀನಿಗಿಂತ ನೀರು ಸೋಸುವ ಯಂತ್ರಕ್ಕೇ ಹೆಚ್ಚು ಹಣ ತೆತ್ತಿರುತ್ತಾನೆ. ಯಂತ್ರವಿಲ್ಲದ ಕಾಲದಲ್ಲಿ ಜನ ಏನು ಮಾಡುತ್ತಿದ್ದರು?

1846ರಲ್ಲಿ ಆನಾ ಥಿನ್ ಎಂಬ ಆಂಗ್ಲ ಮಹಿಳೆ ಟಾರ್ಕೀ ತೀರದಿಂದ ಜೀವಂತ ಹವಳದ ಜೀವಿಗಳನ್ನು ಲಂಡನ್ನಿಗೆ ತಂದಳು. ಅವು ಸಾಯದಿರಲೆಂದು, ನಾವು ಕಾಫಿ ಆರಿಸುವ ಹಾಗೆ, ತೆರೆದ ಕಿಟಕಿಯ ಮುಂದೆ ಸಮುದ್ರದ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸುತ್ತಿದ್ದಳು. ಮುಕ್ಕಾಲು ಗಂಟೆಯವರೆಗೂ ನಡೆಯುತ್ತಿದ್ದ ಈ ಕೆಲಸ ಮನೆಯಾಳಿನ ಪಾಲಿಗೆ, ಹೆಸರು ಯಜಮಾನಿಗೆ!

ಮೂರು ವರ್ಷಗಳ ತರುವಾಯ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಬೇರೊಂದು ದಾರಿ ಹಿಡಿದನು. ಎರಡು ಹೊಂಬಣ್ಣದ ಮೀನು, ಮರಳಿನಲ್ಲಿ ಬೇರೂರಿದ ವ್ಯಾಲಿಸ್ನೇರಿಯ ಗಿಡ. ಇಷ್ಟೇ ಅವನ ಸಂಸಾರ. ಗಿಡವು ಆಮ್ಲಜನಕ ಕೊಟ್ಟಿತು, ಆದರೆ ಅದರ ಎಲೆಗಳು ಕೊಳೆತು ನೀರು ಕದಡಿತು. ಆಗ ಅವನು ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಮಾಡಿದವು. 1850ರಲ್ಲಿ ಈ ಸಂಗತಿಯನ್ನು ಅವನು ಕೆಮಿಕಲ್ ಸೊಸೈಟಿಯ ಮುಂದಿಟ್ಟನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. 1845ರಲ್ಲೇ ಗಾಜಿನ ಮೇಲಿನ ಸುಂಕ ರದ್ದಾಗಿತ್ತು. ಇನ್ನೇನು, ಮಧ್ಯಮವರ್ಗದ ದಿವಾನಖಾನೆಗಳಿಗೆಲ್ಲ ತೊಟ್ಟಿಯ ಗೀಳು ಹಿಡಿಯಿತು.

ಆದರೆ ವಾರಿಂಗ್ಟನ್ನನ ಕಣ್ಣಿಗೆ ಬೀಳದ ಆಳುಗಳೂ ತೊಟ್ಟಿಯಲ್ಲಿ ದುಡಿಯುತ್ತಿದ್ದರು. ಮೀನು ವಿಸರ್ಜಿಸುವ ಅಮೋನಿಯ ಮೀನಿಗೇ ವಿಷ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಕೊಳಚೆ ನೀರನ್ನು ಮರಳಿನ ಮೂಲಕ ಇಳಿಯಬಿಟ್ಟರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಬಳಿಕ ಅಮೋನಿಯ ನೈಟ್ರೇಟಾಗತೊಡಗಿತು. ಕ್ಲೋರೋಫಾರಮ್ಮಿನ ಆವಿ ಬಿಟ್ಟೊಡನೆ ಕೆಲಸ ನಿಂತಿತು. ಅಂದಮೇಲೆ ಅಲ್ಲಿ ದುಡಿಯುತ್ತಿದ್ದದ್ದು ಬರಿಯ ಮರಳಲ್ಲ, ಜೀವಾಣುಗಳು.

ಅಗ್ಗದ ಸ್ಪಂಜಿನ ಸೋಸುಕವೂ ಈ ಜೀವಾಣುಗಳಿಗೆ ಕಟ್ಟಿಕೊಟ್ಟ ವಠಾರವೇ. ಸಣ್ಣ ಗಾಳಿಯ ಪಂಪಿನಿಂದ ಗುಳ್ಳೆಗಳು ಕೊಳವೆಯಲ್ಲಿ ಮೇಲೇರುವಾಗ ನೀರು ಸ್ಪಂಜಿನ ಮೂಲಕ ಸೆಳೆಯಲ್ಪಡುತ್ತದೆ. ಕಿಟಕಿಯ ಮುಂದಿನ ಆ ಆಳಿನ ಕೆಲಸವೂ ಜೊತೆಯಲ್ಲೇ ನಡೆಯುತ್ತದೆ. ಮನೆಯ ಚಿಕ್ಕ ತೊಟ್ಟಿಗೆ, ಮೀನುಗಳನ್ನು ಒತ್ತೊತ್ತಾಗಿ ತುಂಬದಿದ್ದರೆ, ಇದು ಧಾರಾಳವಾಗಿ ಸಾಕು.

ನಾನು ಮೊದಲ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಹೊಸದರಂತೆ ತೊಳೆದಿದ್ದೆ. ನೀರಿನ ಕ್ಲೋರಿನ್ ವಠಾರವನ್ನೇ ಖಾಲಿಮಾಡಿತು. ವಾರದೊಳಗೆ ನಾಲ್ಕು ಮೀನು ತೇಲಿದವು. ಈಗ ತೊಟ್ಟಿಯಿಂದಲೇ ಒಂದು ಬೋಗುಣಿ ನೀರು ತೆಗೆದು, ಅದರಲ್ಲಿ ಸ್ಪಂಜನ್ನು ಎರಡು ಸಲ ಹಿಂಡಿ, ಕೊಳೆ ಕಂಡರೂ ಹಾಗೆಯೇ ಇಡುತ್ತೇನೆ.